ಸದಸ್ಯರು ‘ಮಾಡಿಸ್ತೀನಿ’ ಅಂತಾರೆ, ಚರಂಡಿ ಹಾಗೇ ಇದೆ

ಪ್ರಶ್ನೆ: ನಮ್ಮದು ಪುರಸಭೆ ಇರುವ ಊರು. ಮನೆ ಮುಂದಿನ ಚರಂಡಿ ಎರಡು ವರ್ಷದಿಂದ ಕಟ್ಟಿಕೊಂಡಿದೆ. ಮಳೆ ಬಂದರೆ ಕೊಳಕು ನೀರು ಅಂಗಳಕ್ಕೇ ನುಗ್ಗುತ್ತದೆ. ವಾರ್ಡ್ ಸದಸ್ಯರಿಗೆ ಎಷ್ಟೋ ಸಲ ಹೇಳಿದ್ದೇವೆ. ಒಮ್ಮೆ ಹೂಳು ತೆಗೆಸಿದರು, ತಿಂಗಳಲ್ಲಿ ಮತ್ತೆ ಅದೇ ಕತೆ. ಅವರ ಕೈಯಲ್ಲಿ ನಿಜವಾಗಿ ಏನಿದೆ?

ಉತ್ತರ: ಸದಸ್ಯರಿಗೆ ಮನಸ್ಸಿಲ್ಲ ಅಂತ ನಿಮಗೆ ಅನ್ನಿಸಿರಬಹುದು. ಪುರಸಭೆಗಳಲ್ಲಿ ಎಂಜಿನಿಯರ್ ಆಗಿ ಬಹಳ ವರ್ಷ ದುಡಿದ ನನಗೆ ಕಾಣುವುದು ಬೇರೆ. ನಿಮ್ಮ ದೂರು ಇನ್ನೂ ಕಾಗದಕ್ಕೆ ಇಳಿದಿಲ್ಲ.

ಹೂಳು ತೆಗೆಸುವುದು ದಿನನಿತ್ಯದ ಕೆಲಸ. ಸದಸ್ಯರು ಹೆಲ್ತ್ ಇನ್ಸ್‌ಪೆಕ್ಟರ್‌ಗೆ ಒಂದು ಫೋನ್ ಮಾಡಿದರೆ ಸಾಕು, ಪೌರಕಾರ್ಮಿಕರು ಬರುತ್ತಾರೆ. ಆದರೆ ತಿಂಗಳಲ್ಲೇ ಮತ್ತೆ ತುಂಬಿತು ಅಂದರೆ ತೊಂದರೆ ಹೂಳಿನದಲ್ಲ, ಬಹುಶಃ ವಾಟದ್ದು, ಅಂದರೆ ನೀರು ಹರಿಯಲು ಬೇಕಾದ ಇಳಿಜಾರಿನದು. ಮುಂದಿನ ಸಲ ಹೂಳು ತೆಗೆದ ದಿನವೇ ಒಂದು ಬಕೆಟ್ ನೀರು ಸುರಿದು ನೋಡಿ. ನೀರು ಹರಿಯದೆ ನಿಂತರೆ ವಾಟ ಕೆಟ್ಟಿದೆ, ಇಲ್ಲವೇ ಮುಂದೆಲ್ಲೋ ಅಡ್ಡ ಬಿದ್ದಿದೆ. ಒಂದು ಬೀದಿಯಲ್ಲಿ ಜನ ಪೌರಕಾರ್ಮಿಕರನ್ನು ದಿನಾ ಬೈಯುತ್ತಿದ್ದರು. ನಾಲ್ಕು ಮನೆ ಆಚೆ ಚಪ್ಪಡಿ ಎತ್ತಿಸಿದೆವು. ಯಾರೋ ನಲ್ಲಿ ಪೈಪನ್ನು ಚರಂಡಿಗೆ ಅಡ್ಡಲಾಗಿ ಎಳೆದಿದ್ದರು. ಅದಕ್ಕೆ ಹಾಲಿನ ಕವರ್‌ಗಳು ಒಂದರ ಮೇಲೊಂದು ಸಿಕ್ಕಿಕೊಂಡು ಗೋಡೆಯೇ ಆಗಿತ್ತು. ಬೈಕ್ ಹತ್ತಿಸಲು ಚರಂಡಿ ಮೇಲೆ ಕಾಂಕ್ರೀಟ್ ಸುರಿದ ಮನೆಗಳ ಮುಂದೆಯೂ ಇದೇ ಪಾಡು, ಒಳಗೆ ಕೈಯೇ ಹೋಗುವುದಿಲ್ಲ.

ವಾಟ ಸರಿ ಮಾಡಲು ಚರಂಡಿ ಒಡೆದು ಕಟ್ಟಬೇಕು. ಅದು ಹೊಸ ಕಾಮಗಾರಿ. ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಇದೆ, ಪುರಸಭೆ ಸದಸ್ಯರಿಗೆ ಅಂಥದ್ದಿಲ್ಲ. ಜೂನಿಯರ್ ಎಂಜಿನಿಯರ್ ಬಂದು ಅಳೆದು ಅಂದಾಜು ಪಟ್ಟಿ ಮಾಡಬೇಕು. ಕೆಲಸ ಕ್ರಿಯಾಯೋಜನೆಗೆ, ಅಂದರೆ ಪುರಸಭೆ ಮಾಡಬೇಕಾದ ಕಾಮಗಾರಿಗಳ ಪಟ್ಟಿಗೆ, ಸೇರಬೇಕು. ಆಮೇಲೆ ಟೆಂಡರ್. ಸದಸ್ಯರ ನಿಜವಾದ ಬಲ ಇರುವುದು ಪುರಸಭೆಯ ಸಾಮಾನ್ಯ ಸಭೆಯಲ್ಲಿ. ಅಲ್ಲಿ ಅವರು ಎದ್ದು ನಿಂತು ಕೇಳಿದರೆ ಅದು ನಡಾವಳಿಯಲ್ಲಿ (ಸಭೆಯ ಲಿಖಿತ ವರದಿಯಲ್ಲಿ) ದಾಖಲಾಗುತ್ತದೆ, ಮುಖ್ಯಾಧಿಕಾರಿ ಉತ್ತರ ಕೊಡಬೇಕಾಗುತ್ತದೆ. ರಸ್ತೆಯಲ್ಲಿ ಸಿಕ್ಕಾಗ ಹೇಳಿದ ಮಾತಿಗೆ ಆ ತೂಕ ಇಲ್ಲ. ಅವರಿಗೂ ದಿನಕ್ಕೆ ಇಂಥ ಎಷ್ಟೋ ಮಾತು ಬೀಳುತ್ತವೆ, ಅಲ್ವಾ?

ಹಾಗಾಗಿ ಮುಖ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ, ಒಂದು ಪ್ರತಿ ಸದಸ್ಯರಿಗೆ ಕೊಡಿ. ಯಾವ ಮನೆಯಿಂದ ಯಾವ ಮನೆಯ ತನಕ, ಎಷ್ಟು ಅಡಿ ಅಂತ ಬರೆಯಿರಿ, ಫೋಟೊ ಹಚ್ಚಿ. ಅಕ್ಕಪಕ್ಕದ ಮನೆಯವರ ಸಹಿ ಹಾಕಿಸಿ. ಹೆಂಗಸರ ಸಹಿ ಮರೆಯಬೇಡಿ. ಅಂಗಳಕ್ಕೆ ಬಂದ ಆ ನೀರನ್ನು ಗುಡಿಸಿ ಹಾಕುವವರು ಅವರೇ, ಅರ್ಜಿಯಲ್ಲಿ ಮಾತ್ರ ಗಂಡಸರ ಹೆಸರೇ ಜಾಸ್ತಿ. ಪುರಸಭೆ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು, ದಿನಾಂಕ, ನಂಬರ್ ಇರುವ ಪ್ರತಿಯನ್ನು ವಾಪಸ್ ಪಡೆಯಿರಿ. ಆಮೇಲೆ ಸದಸ್ಯರ ಹತ್ತಿರ ಹೋಗಿ, ‘ಅಣ್ಣಾ, ಇದು ನಮ್ಮ ಅರ್ಜಿ ನಂಬರ್, ಮುಂದಿನ ಸಭೆಯಲ್ಲಿ ಎತ್ತಿ’ ಅನ್ನಿ. ಕೆಲಸ ಮಾಡುವ ಸದಸ್ಯರಿಗೆ ಇಂಥ ಕಾಗದ ಸಿಕ್ಕರೆ ಖುಷಿಯೇ ಆಗುತ್ತದೆ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಅದಕ್ಕೆ ಮೊದಲು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ, ಅಲ್ಲಿಗೂ ಹೋಗಿ.

ಸಭೆ ಮುಗಿದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಡಾವಳಿಯ ನಕಲು ಮತ್ತು ಅಂದಾಜು ಪಟ್ಟಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಇನ್ನೊಂದು ಮಾತು. ಬೇಸತ್ತು ಯಾರಿಗೋ ದುಡ್ಡು ಕೊಟ್ಟು ಒಳಚರಂಡಿ ಗುಂಡಿಗೆ ಇಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ, ಇಳಿದವನ ಜೀವವೇ ಹೋಗಬಹುದು. ಸಕ್ಕಿಂಗ್ ಯಂತ್ರ ಕಳಿಸಿ ಅಂತ ಪುರಸಭೆಯನ್ನೇ ಕೇಳಿ.

ಪ್ರಶ್ನೆ: ನಮ್ಮಲ್ಲಿ ಸದಸ್ಯರ ಅವಧಿಯೇ ಮುಗಿದಿದೆ. ಬೀದಿದೀಪಕ್ಕೆ ಯಾರನ್ನು ಕೇಳುವುದು?

ಉತ್ತರ: ಚುನಾವಣೆ ಆಗುವವರೆಗೆ ಆಡಳಿತಾಧಿಕಾರಿ ಇರುತ್ತಾರೆ, ಸದಸ್ಯರ ಸಭೆಯ ಅಧಿಕಾರ ಅವರದ್ದು. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಕಾರ್ಪೊರೇಟರ್‌ಗಳಿಲ್ಲದೆ ವರ್ಷಗಳೇ ಉರುಳಿದವು. ಮನೆ ಬಾಗಿಲಲ್ಲಿ ನಿಂತು ಕೇಳಲು ಒಬ್ಬರೂ ಇಲ್ಲದ್ದು ಸಣ್ಣ ನಷ್ಟವಲ್ಲ. ಆದರೆ ಅರ್ಜಿ ಕೊಡುವ ದಾರಿ ಮುಚ್ಚಿಲ್ಲ. ಕಂಬದ ಮೇಲೆ ನಂಬರ್ ಬರೆದಿದ್ದರೆ ಅದನ್ನು ಗುರುತು ಹಾಕಿಕೊಂಡು ಮುಖ್ಯಾಧಿಕಾರಿಗೆ ಬರೆಯಿರಿ. ಬಲ್ಬ್ ಹೋಗಿದ್ದರೆ ಪುರಸಭೆಯ ಕೆಲಸ. ತಂತಿ ಜೋತುಬಿದ್ದಿದ್ದರೆ ವಿದ್ಯುತ್ ಕಂಪನಿಯದು, ಅದಕ್ಕೆ ಕಾಯಬೇಡಿ, ಈಗಲೇ 1912ಕ್ಕೆ ಫೋನ್ ಮಾಡಿ.