ಹೆಸರು ಹೇಳಲಿಲ್ಲ, ಆದರೂ ಊರಿಗೆಲ್ಲ ಗೊತ್ತಾಯಿತು

ಪ್ರಶ್ನೆ: ಮೇಡಂ, ನಾನು 11 ವರ್ಷದಿಂದ ಆಶಾ ಕಾರ್ಯಕರ್ತೆ. ನಮ್ಮೂರಿನ ಒಬ್ಬ ಸೊಸೆಗೆ ಟಿ.ಬಿ. ಬಂದಿತ್ತು. ಎರಡು ತಿಂಗಳು ಮಾತ್ರೆ ತಗೊಂಡಳು, ಕೆಮ್ಮು ನಿಂತಿತು ಅಂತ ಬಿಟ್ಟುಬಿಟ್ಟಳು. ಕಾಯಿಲೆ ಮತ್ತೆ ಬಂತು, ಈ ಸಲ ಜಾಸ್ತಿ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಇದನ್ನೇ ಕಥೆಯ ಹಾಗೆ ಹೇಳಿದೆ, ಹೆಸರು ಹೇಳಲಿಲ್ಲ. ಮರುದಿನವೇ ಇಬ್ಬರು ಬಂದು ಕಫ ಪರೀಕ್ಷೆಗೆ ಕೊಟ್ಟರು. ಆದರೆ ಅದು ಯಾರ ಕಥೆ ಅಂತ ಎಲ್ಲರಿಗೂ ಗೊತ್ತಾಯಿತು. ಈಗ ನಾನು ಹೋದರೆ ಆಕೆ ಬಾಗಿಲು ತೆಗೆಯುವುದಿಲ್ಲ. ಒಬ್ಬರ ಕಥೆಯಿಂದ ಹತ್ತು ಜನ ಉಳಿದರೆ, ಹೇಳಿದ್ದು ತಪ್ಪಾ?
– ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಮೊದಲು ಮಾತ್ರೆಯ ವಿಷಯ, ಉಳಿದದ್ದು ಆಮೇಲೆ. ನಿಮ್ಮ ಮೇಲಿನ ಸಿಟ್ಟಿಗೆ ಆಕೆಯ ಮಾತ್ರೆ ನಿಲ್ಲಬಾರದು. ಪಕ್ಕದ ಊರಿನ ಆಶಾ ಆಗಲಿ, ನರ್ಸಮ್ಮ ಆಗಲಿ, ಆಕೆಗೆ ಯಾರು ಆಗುತ್ತಾರೋ ಅವರು ಮಾತ್ರೆ ಕೊಡುವ ಹಾಗೆ ಇವತ್ತೇ ಪಿ.ಎಚ್.ಸಿ. ಡಾಕ್ಟರ ಹತ್ತಿರ ಮಾತಾಡಿ. ನಡುವೆ ಬಿಟ್ಟು ಮತ್ತೆ ಬಂದಿರುವುದರಿಂದ, ಹಳೆಯ ಮಾತ್ರೆಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ತಪಾಸಣೆಯೂ ಆಗಬೇಕು.

ಇನ್ನು ನಿಮ್ಮ ಪ್ರಶ್ನೆ. ಹೌದು, ಹಾಗೆ ಹೇಳಿದ್ದು ತಪ್ಪು. ನಿಮ್ಮ ಮನಸ್ಸು ಒಳ್ಳೆಯದೇ, ಇಬ್ಬರು ಪರೀಕ್ಷೆಗೆ ಬಂದದ್ದು ಸಣ್ಣ ವಿಷಯವೂ ಅಲ್ಲ. ಆದರೆ ಇನ್ನೂರು ಮನೆಯ ಊರಲ್ಲಿ ಹೆಸರು ಬಿಟ್ಟರೆ ಏನೂ ಬಿಟ್ಟ ಹಾಗಲ್ಲ. ಯಾವ ಕೇರಿ, ಯಾವ ವಯಸ್ಸು, ತವರಿಗೆ ಯಾವಾಗ ಹೋಗಿದ್ದಳು, ಇಷ್ಟು ಸಾಕಲ್ವಾ? ಟಿ.ಬಿ. ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಅದು ಆಕೆಗೆ ಚಿಕಿತ್ಸೆ ಸಿಗಲಿ, ಮನೆಯವರ ತಪಾಸಣೆಯಾಗಲಿ ಅಂತ. ಸರ್ಕಾರಕ್ಕೆ ತಿಳಿಸುವುದೇ ಬೇರೆ, ಸಂಘಕ್ಕೆ ತಿಳಿಸುವುದೇ ಬೇರೆ.

ನಾನೂ ಇದೇ ತಪ್ಪು ಮಾಡಿದ್ದೇನೆ. ಕಾಲೇಜಿನಲ್ಲಿ ಪಾಠ ಶುರು ಮಾಡಿದ ಹೊಸತರಲ್ಲಿ, ಎಚ್‌ಐವಿ ಇದ್ದ ಒಬ್ಬ ಲಾರಿ ಚಾಲಕರ ಕಥೆಯನ್ನು ಕ್ಲಾಸಿನಲ್ಲಿ ಹೇಳಿದೆ. ಕಥೆಗೆ ಜೀವ ಬರಲಿ ಅಂತ ತಾಲ್ಲೂಕು, ಮಕ್ಕಳೆಷ್ಟು, ಹೆಂಡತಿ ಏನು ಕೆಲಸ ಮಾಡುತ್ತಾರೆ, ಎಲ್ಲವನ್ನೂ ಸೇರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಹೊರಗೆ ಹೋದಳು. ಅವರು ಅವಳ ಚಿಕ್ಕಪ್ಪ. ಕಾಯಿಲೆಯ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹುಡುಗಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಈಗಂತೂ 2017ರ ಕಾನೂನೇ ಇದೆ, ಒಪ್ಪಿಗೆಯಿಲ್ಲದೆ ಒಬ್ಬರ ಎಚ್‌ಐವಿ ವಿಷಯವನ್ನು ಹೊರಗೆ ಹೇಳುವಂತಿಲ್ಲ.

ಇನ್ನೂ ಒಂದು ವಿಷಯ ಇದೆ. ನಿಮ್ಮ ಕಥೆ ಎಲ್ಲಿಂದ ಶುರುವಾಯಿತು ನೋಡಿ. ಆಕೆ ಮಾತ್ರೆ ಬಿಟ್ಟಲ್ಲಿಂದ. ಅಲ್ಲಿಂದ ಶುರು ಮಾಡಿದರೆ ತಪ್ಪು ಆಕೆಯದೇ ಆಗುತ್ತದೆ, ಬೇರೆ ದಾರಿಯೇ ಇಲ್ಲ.

ಮೇರಿ ಮ್ಯಾಲನ್ ಎಂಬ ಅಡುಗೆಯಾಕೆಯ ಕಥೆಯನ್ನು ನಾವು ಪಾಠದಲ್ಲಿ ಹೇಳುತ್ತೇವೆ. ನ್ಯೂಯಾರ್ಕಿನವಳು. ಮೈಯಲ್ಲಿ ಟೈಫಾಯ್ಡ್ ರೋಗಾಣು ಇತ್ತು, ಆದರೆ ಅವಳು ಗಟ್ಟಿಮುಟ್ಟಾಗಿದ್ದಳು, ಹಾಗಾಗಿ ತನ್ನಿಂದ ರೋಗ ಹರಡುತ್ತದೆ ಅಂದರೆ ಅವಳು ನಂಬಲೇ ಇಲ್ಲ. 1907ರಲ್ಲಿ ಹಿಡಿದು ದ್ವೀಪದ ಆಸ್ಪತ್ರೆಯಲ್ಲಿಟ್ಟರು. ಇನ್ನು ಅಡುಗೆ ಮಾಡುವುದಿಲ್ಲ ಅಂತ ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. 1915ರಲ್ಲಿ ನೋಡಿದರೆ ಬೇರೆ ಹೆಸರಿಟ್ಟುಕೊಂಡು ಹೆರಿಗೆ ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಿದ್ದಳು! ಮತ್ತೆ ದ್ವೀಪಕ್ಕೆ ಕಳಿಸಿದರು, 1938ರಲ್ಲಿ ಸಾಯುವವರೆಗೂ ಅಲ್ಲೇ. ಹೆರಿಗೆ ಆಸ್ಪತ್ರೆಯಿಂದ ಕಥೆ ಶುರು ಮಾಡಿದರೆ ಅವಳು ರಾಕ್ಷಸಿ. 1910ರಿಂದ ಶುರು ಮಾಡಿದರೆ, ಅಡುಗೆ ಬಿಟ್ಟ ಮೇಲೆ ಅವಳಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೆಲಸ, ಸಂಬಳ ಮೊದಲಿಗಿಂತ ಕಡಿಮೆ. ಅವಳ ಹಾಗೆಯೇ ರೋಗಾಣು ಹೊತ್ತ ಬೇರೆಯವರೂ ಇದ್ದರು, ಅವರನ್ನು ಹೀಗೆ ಜೀವನಪೂರ್ತಿ ಕೂಡಿಹಾಕಲಿಲ್ಲ. ಆಗ ಪ್ರಶ್ನೆ ಅವಳಿಗೆ ಮಾತ್ರವಲ್ಲ, ಅಧಿಕಾರಿಗಳಿಗೂ ಕೇಳಬೇಕಾಗುತ್ತದೆ. ಕ್ಲಾಸಿನಲ್ಲಿ ಎರಡೂ ಕಡೆಯಿಂದ ಹೇಳಿ ನೋಡಿದ್ದೇನೆ, ಮಕ್ಕಳ ತೀರ್ಪೇ ಬದಲಾಗುತ್ತದೆ.

ನಿಮ್ಮೂರಿನ ಸೊಸೆ ಮಾತ್ರೆ ಯಾಕೆ ಬಿಟ್ಟಳು? ಕೆಮ್ಮು ನಿಂತಿತು ಅಂತ ಮಾತ್ರವಾ? ಮಾತ್ರೆ ತಗೊಂಡರೆ ವಾಂತಿ ಬರುತ್ತಿತ್ತಾ, ಅತ್ತೆಗೆ ಕಾಣದ ಹಾಗೆ ನುಂಗಬೇಕಿತ್ತಾ, ಆಸ್ಪತ್ರೆಗೆ ಹೋದ ದಿನ ಕೂಲಿ ಹೋಗುತ್ತಿತ್ತಾ? ಪೋಷಣೆಗೆ ಅಂತ ಸರ್ಕಾರ ಕೊಡುವ ತಿಂಗಳ 1,000 ರೂಪಾಯಿ ಆಕೆಯ ಕೈಗೆ ಬರುತ್ತಿದೆಯಾ, ಗಂಡನ ಕೈಗಾ? ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇಲ್ಲಿಂದ ಶುರು ಮಾಡಿದ್ದರೆ ಸಭೆಯಲ್ಲಿ ಕೂತಿದ್ದ ಅತ್ತೆಯರಿಗೂ ಒಂದು ಪ್ರಶ್ನೆ ಇರುತ್ತಿತ್ತು.

ಆಕೆಯ ಮನೆಗೆ ಹೋಗಿ. ಫೈಲು, ಚೀಲ ಏನೂ ಬೇಡ. 'ತಪ್ಪಾಯಿತು ಕಣಮ್ಮ, ನಿನ್ನನ್ನು ಕೇಳಬೇಕಿತ್ತು' ಅಂತ ಹೇಳಿ ಬನ್ನಿ. ಬೈದರೆ ಬೈಸಿಕೊಳ್ಳಿ. ಮುಂದೆ ಸಭೆಯಲ್ಲಿ ಕಥೆ ಬೇಕೇ ಬೇಕು ಅಂದರೆ ಪೂರ್ತಿ ಕಟ್ಟಿದ ಕಥೆ ಹೇಳಿ, ಕಟ್ಟಿದ್ದು ಅಂತಲೂ ಹೇಳಿ, ಅರ್ಧಕ್ಕೆ ನಿಲ್ಲಿಸಿ 'ನೀವು ಆ ಮನೆಯವರಾಗಿದ್ದರೆ ಏನು ಮಾಡುತ್ತಿದ್ದಿರಿ' ಅಂತ ಕೇಳಿ. ನಿಜವಾದ ಕಥೆಯಾದರೆ ಯಾರದೋ ಅವರನ್ನು ಮೊದಲು ಕೇಳಬೇಕು. ಅದೂ ಮಾತ್ರೆ ಕೊಡುವ ಹೊತ್ತಿನಲ್ಲಿ ಕೇಳಬೇಡಿ, ಇಲ್ಲ ಅಂದರೆ ಮಾತ್ರೆ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೇ ಒಪ್ಪಿಬಿಡುತ್ತಾರೆ.

ಪ್ರಶ್ನೆ: 2020ರಲ್ಲಿ ನಮ್ಮ ಮನೆ ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ್ದರು. ಹಾಲಿನವನೂ ಬರಲಿಲ್ಲ. ಅದನ್ನು ಬರೆಯಬೇಕು ಅನ್ನಿಸುತ್ತಿದೆ, ಅಪ್ಪ ಬೇಡ ಅನ್ನುತ್ತಾರೆ. ನನ್ನದೇ ಕಥೆ ಅಲ್ವಾ?
– ವಿದ್ಯಾರ್ಥಿ, ಬೆಂಗಳೂರು

ಉತ್ತರ: ನಿಮ್ಮದು ಹೌದು, ಆದರೆ ಅಪ್ಪನದೂ ಹೌದು. ಬರೆಯಬೇಕಾದ ವಿಷಯವೇ ಇದು. ಆ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿ ಇದ್ದವರ ವಿಳಾಸದ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಹೊರಗೆ ಹಾಕಿತ್ತು, ಕೈಗೆ ಮುದ್ರೆ ಒತ್ತುತ್ತಿದ್ದರು. ಸಂಬಂಧಪಟ್ಟ ಅಧಿಕಾರಿಯ ಆದೇಶವಿಲ್ಲದೆ ಮನೆ ಮುಂದೆ ಪೋಸ್ಟರ್ ಅಂಟಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಡಿಸೆಂಬರಿನಲ್ಲಿ. ಅಷ್ಟರಲ್ಲಿ ಎಷ್ಟು ಬಾಗಿಲುಗಳಿಗೆ ಅಂಟಿಸಿ ಆಗಿತ್ತೋ! ಬರೆಯಿರಿ. ನಿಮಗೆ ಏನನ್ನಿಸಿತು ಎಂಬಷ್ಟನ್ನೇ ಬರೆದು, ಅಪ್ಪ ಬಿಡುವಾಗಿದ್ದಾಗ ಕೂರಿಸಿ ಓದಿ ಹೇಳಿ. ಯಾವ ಸಾಲು ಬೇಡ ಅನ್ನುತ್ತಾರೋ ಅದನ್ನು ತೆಗೆಯಿರಿ. ಪೂರ್ತಿ ಬೇಡ ಅಂದರೆ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ, ಎಲ್ಲಿಗೂ ಕಳಿಸಬೇಡಿ.