ಹಾರ್ಮೋನ್ ತೆಗೆದುಕೊಳ್ಳುತ್ತಿರುವ ಟ್ರಾನ್ಸ್ ಮಹಿಳೆಗೆ ಹಣೆಯ ಶಸ್ತ್ರಚಿಕಿತ್ಸೆ ಏಕೆ ಬೇಕಾಗುತ್ತದೆ? ಅದನ್ನು ಹೇಗೆ ಮಾಡುತ್ತಾರೆ?

ಹಾರ್ಮೋನ್ ಚರ್ಮವನ್ನು ನಯಗೊಳಿಸುತ್ತದೆ, ಕೆನ್ನೆ ತುಂಬಿಸುತ್ತದೆ. ಆದರೆ ಪ್ರಾಯಕ್ಕೆ ಬರುವಾಗ ಬೆಳೆದು ಗಟ್ಟಿಯಾದ ಮೂಳೆಯನ್ನು ಕರಗಿಸಲಾರದು. ಹುಬ್ಬಿನ ಮೇಲಿನ ಉಬ್ಬು ಹಾಗೆಯೇ ಉಳಿಯುತ್ತದೆ. ಕಂಡವರು ಗಂಡೋ ಹೆಣ್ಣೋ ಎಂದು ಗುರುತಿಸುವಾಗ ಅದರ ಪಾತ್ರ ದೊಡ್ಡದು. ಹಾಗಾಗಿ ಇದನ್ನು ಬರಿಯ ಶೋಕಿ ಎನ್ನುವುದು ಅನ್ಯಾಯ.

ಆ ಉಬ್ಬಿನ ಹಿಂದೆ ಗಾಳಿ ತುಂಬಿದ ಪೊಳ್ಳು, ಅಂದರೆ ಸೈನಸ್ ಇರುತ್ತದೆ. ಅದರ ಮುಂಗೋಡೆ ದಪ್ಪವಿದ್ದರೆ ಉಜ್ಜಿ ಸಮ ಮಾಡಿದರೆ ಸಾಕು. ಹಲವರಲ್ಲಿ ಅದು ತೆಳು. ಉಜ್ಜುತ್ತಾ ಹೋದರೆ ತೂತು ಬೀಳುತ್ತದೆ. ಅಂಥವರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಡಗ್ಲಸ್ ಔಸ್ಟರ್‌ಹೌಟ್ 1980ರ ದಶಕದಲ್ಲಿ ರೂಢಿಗೆ ತಂದ ವಿಧಾನವಿದೆ. ಕೂದಲಿನ ಅಂಚಿನಲ್ಲೋ ಸ್ವಲ್ಪ ಒಳಗೋ ಕೊಯ್ದು, ಚರ್ಮವನ್ನು ಹುಬ್ಬಿನವರೆಗೆ ಕೆಳಕ್ಕೆ ಸರಿಸುತ್ತಾರೆ. ಮುಂಗೋಡೆಯ ಮೂಳೆಯನ್ನು ಒಂದು ತುಂಡಾಗಿ ಬಿಡಿಸಿ, ತಿದ್ದಿ, ಹಿಂದಕ್ಕೆ ಕೂರಿಸಿ, ಟೈಟಾನಿಯಂ ಪಟ್ಟಿ ಮತ್ತು ಪುಟ್ಟ ಸ್ಕ್ರೂಗಳಿಂದ ಬಿಗಿಯುತ್ತಾರೆ. ಕಣ್ಣಿನ ಗೂಡಿನ ಮೇಲಂಚನ್ನೂ ಆಗಲೇ ತೆಳುಗೊಳಿಸಬಹುದು. ಗೋಡೆ ಎಷ್ಟು ದಪ್ಪ ಎಂಬುದನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ. ಅದನ್ನು ನೋಡದೆಯೇ ‘ಉಜ್ಜಿದರೆ ಆಯಿತು’ ಎನ್ನುವ ವೈದ್ಯರಿದ್ದರೆ ದಯವಿಟ್ಟು ಇನ್ನೊಬ್ಬರ ಅಭಿಪ್ರಾಯ ಕೇಳಿ.

ಹಣೆಯ ಶಸ್ತ್ರಚಿಕಿತ್ಸೆಯ ನಂತರ ನೆತ್ತಿಯ ಜೋಮು ತಿಂಗಳುಗಟ್ಟಲೆ ಇರಬಹುದು, ಕೆಲವರಲ್ಲಿ ಪೂರ್ತಿ ಹೋಗುವುದೂ ಇಲ್ಲ. ಹಣೆಯಂತೆಯೇ ದವಡೆ, ಕತ್ತುಗಳನ್ನೂ ತಿದ್ದಿಸಿಕೊಳ್ಳುವವರಿದ್ದಾರೆ. ದವಡೆಯ ಮೂಲೆಯನ್ನು ಬಾಯಿಯ ಒಳಗಿನಿಂದಲೇ ತಿದ್ದುವುದರಿಂದ ಹೊರಗೆ ಕಲೆ ಕಾಣದು. ಆದರೆ ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಅಲ್ಲೇ ಮೂಳೆಯೊಳಗೆ ಹಾಯುತ್ತದೆ, ಅದಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು. ಕತ್ತಿನ ಮುಂದಿನ ಉಬ್ಬನ್ನು ಕೆತ್ತಿದರೆ ದನಿ ಹೆಣ್ಣಿನದಾಗುವುದಿಲ್ಲ. ಅದಕ್ಕೆ ಧ್ವನಿ ತರಬೇತಿಯೇ ಬೇರೆ.