ಮನೆಯೊಳಗಿನ ರೈಲು: ಎಂಜಿನ್ ಬದಲಿಸುವ ಮೊದಲು ಹಳಿ ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತವೆ. ಮನೆಯಲ್ಲಿ ಹಾಸಿದ ಪುಟ್ಟ ಮಾದರಿ ರೈಲು ಸರಿಯಾಗಿ ಓಡುತ್ತಿಲ್ಲ, ಆದ್ದರಿಂದ ಇನ್ನೂ ದುಬಾರಿಯ ಎಂಜಿನ್ ಕೊಳ್ಳಬೇಕು ಎಂದು ಬರೆದವರೇ ತೀರ್ಮಾನಿಸಿರುತ್ತಾರೆ. ನನ್ನಿಂದ ಬೇಕಿರುವುದು ಒಪ್ಪಿಗೆಯ ಮುದ್ರೆ ಮಾತ್ರ. ಅದು ಸಿಗುವುದಿಲ್ಲ. ಹಳಿಯ ತುಂಡುಗಳನ್ನು ಸೇರಿಸುವುದು ಹೇಗೆ, ಬೋಗಿಗಳನ್ನು ಕೊಂಡಿಗೆ ಸಿಕ್ಕಿಸುವುದು ಹೇಗೆ ಎಂಬುದು ಡಬ್ಬಿಯೊಳಗಿನ ಹಾಳೆಯಲ್ಲೇ ಇರುತ್ತದೆ, ಅದನ್ನು ಓದಿಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ಭಾವ ಎಚ್‌ಒ ಅಳತೆಯ (ನಿಜವಾದ ರೈಲಿನ 87ನೇ ಒಂದು ಭಾಗ) ರೈಲು ಸೆಟ್ ತಂದುಕೊಟ್ಟರು. ಮೊದಲು ಚೆನ್ನಾಗಿಯೇ ಓಡುತ್ತಿತ್ತು. ಹೆಚ್ಚಿಗೆ ಹಳಿ ಕೊಂಡು ಸುತ್ತನ್ನು ದೊಡ್ಡದು ಮಾಡಿದೆ. ಮಳೆಗಾಲ ಕಳೆದ ಮೇಲೆ ಎಂಜಿನ್ ಮುಗ್ಗರಿಸುತ್ತದೆ, ದೂರದ ತುದಿಯಲ್ಲಿ ತೆವಳುತ್ತದೆ. ಡಿಸಿಸಿ (ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿದವರೊಬ್ಬರು ಹೇಳಿದರು. ನಲವತ್ತು ಸಾವಿರ ಎತ್ತಿಟ್ಟಿದ್ದೇನೆ. ಹಾಕಿಸಲೇ? (ಮಂಗಳೂರಿನ ಓದುಗರು)

ಉತ್ತರ: ಬೇಡ. ಆ ತಿಳಿದವರ ಮಾತು ಕೇಳಿದರೆ ನಲವತ್ತು ಸಾವಿರವೂ ಹೋಗುತ್ತದೆ, ಮುಗ್ಗರಿಸುವುದೂ ನಿಲ್ಲುವುದಿಲ್ಲ. ಇನ್ನೂ ಹೆಚ್ಚಾಗಬಹುದು. ಏಕೆಂದು ಹೇಳುತ್ತೇನೆ.

ನಿಮ್ಮ ಸೆಟ್ ಈಗ ಓಡುವುದು ಸಾದಾ ಡಿಸಿ ವಿದ್ಯುತ್ತಿನಲ್ಲಿ. ನಾಬ್ ತಿರುಗಿಸಿದಷ್ಟು ವೋಲ್ಟ್ ಹಳಿಗೆ ಹೋಗುತ್ತದೆ, ಚಕ್ರ ಅದನ್ನು ಎತ್ತಿಕೊಂಡು ಮೋಟರಿಗೆ ಕೊಡುತ್ತದೆ. ಹಳಿಯಲ್ಲೊಂದು ಕೊಳಕು ಚುಕ್ಕೆ ಸಿಕ್ಕಿ ಕ್ಷಣಕಾಲ ವಿದ್ಯುತ್ ತಪ್ಪಿದರೂ ಎಂಜಿನ್ ಓಡುತ್ತಿರುವ ವೇಗದಲ್ಲೇ ಅದನ್ನು ದಾಟಿಬಿಡುತ್ತದೆ. ಡಿಸಿಸಿಯಲ್ಲಿ ಹಾಗಲ್ಲ. ಅಲ್ಲಿ ಹಳಿಯ ಮೇಲೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತದೆ, ಎಚ್‌ಒ ಅಳತೆಗೆ ಸುಮಾರು 14ರಿಂದ 16 ವೋಲ್ಟ್. ಅದೇ ವಿದ್ಯುತ್ತಿನೊಳಗೆ ಆಜ್ಞೆಗಳೂ ಹರಿಯುತ್ತವೆ, ಎಂಜಿನ್ನಿನ ಹೊಟ್ಟೆಯಲ್ಲಿರುವ ಡಿಕೋಡರ್ ಅವನ್ನು ಓದುತ್ತದೆ. ಆ ಚುಕ್ಕೆಯ ಮೇಲೆ ವಿದ್ಯುತ್ ತಪ್ಪಿತೆಂದರೆ ಡಿಕೋಡರ್ ಸತ್ತು ಮತ್ತೆ ಎದ್ದು ಮೊದಲಿನಿಂದ ಶುರುಮಾಡಬೇಕು. ಶಬ್ದದ ಎಂಜಿನ್ ಆದರಂತೂ ಒಂದೊಂದು ಸುತ್ತಿನಲ್ಲೂ ನಾಲ್ಕು ಸಲ ಸ್ಟಾರ್ಟ್ ಆಗುವ ಸದ್ದು ಕೇಳಿಸುತ್ತದೆ. ಕೊಳಕು ಹಳಿಯನ್ನು ಡಿಸಿ ಸ್ವಲ್ಪ ಕ್ಷಮಿಸುತ್ತದೆ, ಡಿಸಿಸಿ ಕ್ಷಮಿಸುವುದಿಲ್ಲ. ಇದನ್ನು ಹೇಳದೆ ಡಿಸಿಸಿ ಮಾರುವವನಿಗೆ ಒಂದೋ ವಿಷಯ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಾಗುವುದು ಬೇಕಿಲ್ಲ. ವಿದ್ಯುತ್ ತಪ್ಪಿದಾಗ ಆಸರೆಯಾಗುವ ಕೆಪಾಸಿಟರ್ ಸಿಗುತ್ತದೆ ನಿಜ. ಅದು ಹಳಿ ಸರಿಯಿದ್ದವರಿಗೆ ಅನುಕೂಲ, ಹಳಿ ಕೆಟ್ಟವರಿಗೆ ಬ್ಯಾಂಡೇಜು.

ಇನ್ನು ನಿಮ್ಮ ಕಾಯಿಲೆಯ ಮೂಲ. ಮೊದಲು ಹಳಿಯ ಕೆಳಗಿನ ಪ್ಲಾಸ್ಟಿಕ್ ಜಲ್ಲಿಯ ಬಣ್ಣ ನೋಡಿ. ಅಮೆರಿಕದ ಸೆಟ್‌ಗಳಲ್ಲಿ ಬಹಳ ಸಾಮಾನ್ಯವಾದ ಬ್ಯಾಕ್‌ಮನ್ ಕಂಪನಿಯ ಇ-ಝಡ್ (E-Z) ಟ್ರ್ಯಾಕ್‌ನಲ್ಲಿ ಅದು ಕಪ್ಪಾಗಿದ್ದರೆ ಹಳಿ ಉಕ್ಕಿನದು, ಬೂದು ಬಣ್ಣದ್ದಾದರೆ ನಿಕಲ್ ಸಿಲ್ವರ್. ಕಪ್ಪಾದರೆ ಮುಂದಿನದನ್ನು ಓದುವ ಮೊದಲೇ ಹಳಿ ಬದಲಿಸುವ ಲೆಕ್ಕ ಹಾಕಿ. ಕರಾವಳಿಯ ಗಾಳಿಯಲ್ಲಿ ಕಿಟಕಿಯ ಸರಳೇ ತುಕ್ಕು ಹಿಡಿಯುವಾಗ ನಿಮ್ಮ ಹಳಿಗೆ ವಿನಾಯಿತಿ ಸಿಗುವುದಿಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಲೋಹವಾದ ನಿಕಲ್ ಸಿಲ್ವರ್ ಕೂಡ ಕಂದುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ, ಒರೆಸಿದರೆ ಹೋಗುತ್ತದೆ.

ಹಳಿ ಬೂದು ಬಣ್ಣದ್ದೇ ಆಗಿದ್ದರೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಒಂದನ್ನೇ ನಿಧಾನವಾಗಿ ಬಿಡಿ, ನಿಂತಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ನಿಂತರೆ ತಪ್ಪು ಹಳಿಯದು, ಹೆಚ್ಚಾಗಿ ಅಲ್ಲೊಂದು ಜೋಡಣೆ ಇರುತ್ತದೆ. ಎಲ್ಲೆಂದರಲ್ಲಿ ನಿಂತರೆ ತಪ್ಪು ಚಕ್ರದ್ದು. ಎಂಜಿನ್ ಮಗುಚಿ ನೋಡಿ, ಚಕ್ರದ ಅಂಚಿನಲ್ಲಿ ಕಾಡಿಗೆಯಂಥ ಕಪ್ಪು ಪದರ ಕಾಣುತ್ತದೆ. ಬಿಳಿ ಬಟ್ಟೆಯ ಚೂರನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಳಿಯ ಮೇಲೆ ಹಾಸಿ, ಎಂಜಿನ್ನಿನ ಅರ್ಧ ಚಕ್ರಗಳು ಬಟ್ಟೆಯ ಮೇಲೆ, ಉಳಿದರ್ಧ ಬರಿಯ ಹಳಿಯ ಮೇಲೆ ಇರುವಂತೆ ಹಿಡಿದು ವಿದ್ಯುತ್ ಕೊಡಿ. ಚಕ್ರ ಅಲ್ಲೇ ಉಜ್ಜಿಕೊಳ್ಳುತ್ತದೆ, ಬಟ್ಟೆಯ ಮೇಲೆ ಎರಡು ಕಪ್ಪು ಗೆರೆ ಮೂಡುತ್ತವೆ. ಬಟ್ಟೆ ಸರಿಸಿ ಸರಿಸಿ ಗೆರೆ ಮೂಡುವುದು ನಿಲ್ಲುವವರೆಗೆ ಮಾಡಿ, ಆಮೇಲೆ ಎಂಜಿನ್ ತಿರುಗಿಸಿ ಹಿಡಿಯಿರಿ. ಅಗ್ಗದ ಬೋಗಿಗಳ ಪ್ಲಾಸ್ಟಿಕ್ ಚಕ್ರಗಳೂ ಈ ಕೊಳೆಯನ್ನು ಹಳಿಯುದ್ದಕ್ಕೂ ಬಳಿಯುತ್ತ ಹೋಗುತ್ತವೆ. ಅವನ್ನು ತೆಗೆದು ಲೋಹದ ಚಕ್ರ ಹಾಕಿ. ನೀವು ಕೇಳುತ್ತಿರುವ ಸುಧಾರಣೆ ಇದರಿಂದಲೇ ಶುರುವಾಗಲಿ.

ಹಳಿಯನ್ನೂ ಅದೇ ಆಲ್ಕೊಹಾಲ್‌ನಿಂದ ಒರೆಸಿ. ಕಿಟಕಿ ತೆರೆದಿರಲಿ, ಹಳಿ ಒರೆಸುವಾಗ ಅದಕ್ಕೆ ವಿದ್ಯುತ್ ಬೇಡ, ಪಕ್ಕದಲ್ಲಿ ಊದುಬತ್ತಿಯೂ ಬೇಡ. ಉಪ್ಪುಕಾಗದದಿಂದ ಉಜ್ಜುವ ಪಂಡಿತರು ಊರಿಗೊಬ್ಬರು ಇದ್ದಾರೆ. ಉಜ್ಜಿದ ದಿನ ಹಳಿ ಫಳಫಳ ಹೊಳೆಯುತ್ತದೆ, ಆದರೆ ಆ ಗೀರುಗಳಲ್ಲೇ ಮುಂದಿನ ಕೊಳೆ ಬಂದು ಕೂರುತ್ತದೆ, ಮೊದಲಿಗಿಂತ ಬೇಗ. ಪೆಟ್ರೋಲ್‌ನಿಂದ ಒರೆಸಿದವರ ಪತ್ರವೂ ಬಂದಿದೆ. ಕಿಡಿ ಹಾರುವ ಮೋಟರಿನ ಪಕ್ಕದಲ್ಲಿ ಪೆಟ್ರೋಲ್ ಇಡುವವರಿಗೆ ನಾನು ಹೇಳುವುದೇನೂ ಇಲ್ಲ. ಹುಣಸೆಹಣ್ಣನ್ನು ದೇವರ ಮನೆಯ ಹಿತ್ತಾಳೆಗೆ ಇಟ್ಟುಕೊಳ್ಳಿ. ಎಂಜಿನ್ನಿಗೆ ಕೊಬ್ಬರಿ ಎಣ್ಣೆ ಬಿಡುವವರಿಗೂ ಇದೇ ಉತ್ತರ: ಚಳಿಗೆ ಅದು ಗಿಯರಿನೊಳಗೇ ಗಟ್ಟಿಯಾಗುತ್ತದೆ.

ಇನ್ನು ದೂರದ ತುದಿಯ ತೆವಳಾಟ. ನೀವು ಸುತ್ತನ್ನು ಹಿಗ್ಗಿಸಿದಿರಿ, ತಂತಿಯನ್ನು ಮಾತ್ರ ಮೊದಲಿದ್ದ ಒಂದೇ ಜಾಗದಲ್ಲಿ ಬಿಟ್ಟಿರಿ. ಅಲ್ಲಿಂದಾಚೆ ವಿದ್ಯುತ್ತು ಜೋಡಣೆಯಿಂದ ಜೋಡಣೆಗೆ ದಾಟಿಕೊಂಡೇ ಹೋಗಬೇಕು. ಎರಡು ಹಳಿಗಳನ್ನು ಹಿಡಿಯುವ ಆ ಪುಟ್ಟ ಲೋಹದ ತಗಡು ಹಳಿ ಅಲುಗದಿರಲೆಂದು ಇರುವುದು, ವರ್ಷಾನುಗಟ್ಟಲೆ ವಿದ್ಯುತ್ ಸಾಗಿಸಲು ಅಲ್ಲ. ಒಂದೊಂದರಲ್ಲೂ ಚೂರು ಚೂರು ವೋಲ್ಟ್ ಸೋರುತ್ತದೆ. ಮಲ್ಟಿಮೀಟರಿನಲ್ಲಿ ಅಳೆದೆ, ಎಲ್ಲ ಕಡೆ 12 ವೋಲ್ಟ್ ಇದೆ ಎಂದು ವಾದಿಸಬೇಡಿ. ಬರಿ ಹಳಿಯನ್ನು ಅಳೆದರೆ ಹಾಗೇ ತೋರುತ್ತದೆ. ದೂರದ ತುದಿಯಲ್ಲಿ ಎಂಜಿನ್ ಓಡುತ್ತಿರುವಾಗ, ಅದರ ಪಕ್ಕದಲ್ಲೇ ಅಳೆಯಿರಿ. ಕಂಟ್ರೋಲರ್ ಬಳಿಯ ಅಳತೆಗೂ ಅದಕ್ಕೂ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ರೋಗ ಸಿಕ್ಕಿತು.

ಮದ್ದು ಅಗ್ಗದ್ದು. ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿ.ಮೀ. ತಾಮ್ರದ ತಂತಿಯ ಜೋಡಿಯನ್ನು, ಒಂದು ಕೆಂಪು ಒಂದು ಕಪ್ಪು, ಹಲಗೆಯ ಅಡಿಯಲ್ಲಿ ಹಳಿಯ ದಾರಿಗುಂಟ ಎಳೆಯಿರಿ. ಪ್ರತಿ ಮೀಟರಿಗೊಮ್ಮೆ ಅದರಿಂದ ಸಣ್ಣ ತಂತಿ ಎತ್ತಿ ಹಳಿಯ ಹೊರಮೈಗೆ ಬೆಸೆಯಿರಿ. ಒಳಮೈಗೆ ಬೆಸೆದರೆ ಚಕ್ರದ ಅಂಚು ಬೆಸುಗೆಗೆ ತಾಗಿ ಎಗರುತ್ತದೆ. ಮೊಬೈಲ್ ರಿಪೇರಿಯ ಸಣ್ಣ ಐರನ್ ತರಬೇಡಿ. ಅದು ಹಳಿಯನ್ನು ಕಾಯಿಸುವಷ್ಟರಲ್ಲಿ ಹಳಿಯಡಿಯ ಪ್ಲಾಸ್ಟಿಕ್ ಅಡ್ಡಪಟ್ಟಿ (ಸ್ಲೀಪರ್) ಕರಗಿರುತ್ತದೆ. 40ರಿಂದ 60 ವ್ಯಾಟಿನದರಲ್ಲಿ ಎರಡು ಸೆಕೆಂಡು ಮುಟ್ಟಿಸಿ ತೆಗೆಯಿರಿ. ರೋಸಿನ್ ಫ್ಲಕ್ಸ್ ಮಾತ್ರ ಬಳಸಿ, ತಗಡು ಬೆಸೆಯುವ ಆಸಿಡ್ ಬೇಡವೇ ಬೇಡ. ಅದರ ಶೇಷ ಹಳಿಯನ್ನು ತಿಂಗಳುಗಟ್ಟಲೆ ತಿನ್ನುತ್ತದೆ. ಎಲ್ಲ ಜೋಡಣೆಗಳನ್ನೂ ಬೆಸೆದು ಮುಚ್ಚಲೂ ಬೇಡಿ. ನಿಮ್ಮೂರಿನ ಜೂನ್ ತಿಂಗಳಲ್ಲಿ ಪ್ಲೈವುಡ್ ಉಬ್ಬುತ್ತದೆ, ಏಪ್ರಿಲ್‌ನಲ್ಲಿ ಕುಗ್ಗುತ್ತದೆ, ಹಳಿಗೆ ಆಡಲು ಜಾಗ ಇಲ್ಲದಿದ್ದರೆ ಸೊಟ್ಟಗಾಗುತ್ತದೆ.

ನೀವು ಕೇಳದ ಒಂದು ವಿಷಯ. ಅಮೆರಿಕದಿಂದ ಬಂದ ಸೆಟ್‌ನ ಅಡಾಪ್ಟರ್ ಮೇಲೆ ಇನ್‌ಪುಟ್ ಎಂದು ಬರೆದಿರುವುದನ್ನು ಓದಿ. 100ರಿಂದ 240 ವೋಲ್ಟ್ ಎಂದಿದ್ದರೆ ಸರಿ. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಬಾರದು. ಪ್ಲಗ್‌ನ ಕಾಲುಗಳ ಆಕಾರ ಬದಲಿಸುವ ಅಗ್ಗದ ಕನ್ವರ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಈ ಒಂದು ಸಾಲನ್ನು ಓದದೆ ಹೊಗೆ ಎಬ್ಬಿಸಿದ ಮನೆಗಳು ಬೇಕಾದಷ್ಟಿವೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ.

ಇಷ್ಟೆಲ್ಲ ಆದ ಮೇಲೂ ಎರಡು ಎಂಜಿನ್‌ಗಳನ್ನು ಒಂದೇ ಹಳಿಯಲ್ಲಿ ಬೇರೆ ಬೇರೆಯಾಗಿ ಓಡಿಸುವ ಆಸೆ ಇದ್ದರೆ ಡಿಸಿಸಿ ತನ್ನಿ, ಆಗ ಅದಕ್ಕೆ ಅರ್ಥವಿದೆ. ಡಬ್ಬಿಯ ಮೇಲೆ ಡಿಸಿಸಿ ರೆಡಿ ಎಂದಿದ್ದರೆ ಡಿಕೋಡರ್ ಹಾಕಲು ಸಾಕೆಟ್ ಇದೆ ಎಂದಷ್ಟೇ, ಡಿಕೋಡರ್ ಒಳಗಿದೆ ಎಂದಲ್ಲ. ಹಳೆಯ ಎಂಜಿನ್ನಿಗೆ ಡಿಕೋಡರ್ ಹಾಕುವುದಾದರೆ ಮೋಟರಿಗೆ ವಿದ್ಯುತ್ ಮುಟ್ಟಿಸುವ ಎರಡೂ ಬ್ರಷ್‌ಗಳು ಲೋಹದ ಚಾಸಿಗೆ ತಾಗದಂತೆ ಬೇರ್ಪಟ್ಟಿರಬೇಕು. ಒಂದು ತಾಗಿದರೂ ಡಿಕೋಡರ್ ಸುಟ್ಟಂತೆಯೇ. ಹಳೆಯ ಡಿಸಿ ಕಂಟ್ರೋಲರನ್ನು ಅದೇ ಹಳಿಗೆ ಇನ್ನೊಂದು ಕಡೆಯಿಂದ ಜೋಡಿಸಿಡಬೇಡಿ. ಎಲ್ಲ ಮುಗಿದ ಮೇಲೆ ಹತ್ತು ರೂಪಾಯಿ ನಾಣ್ಯವೊಂದನ್ನು ದೂರದ ತುದಿಯಲ್ಲಿ ಎರಡೂ ಹಳಿಗಳಿಗೆ ಅಡ್ಡ ಇಡಿ. ಹಳಿಗೆ ವಿದ್ಯುತ್ ಕೊಡುವ ಡಿಸಿಸಿ ಪೆಟ್ಟಿಗೆ (ಬೂಸ್ಟರ್) ತಕ್ಷಣ ಟ್ರಿಪ್ ಆಗಬೇಕು. ಆಗದೆ ನಾಣ್ಯ ಬಿಸಿಯಾಗತೊಡಗಿದರೆ ಕೂಡಲೇ ಸ್ವಿಚ್ ಆರಿಸಿ, ನಿಮ್ಮ ತಂತಿ ಇನ್ನೂ ಸಾಲದು.

ಪ್ರಶ್ನೆ: 8x4 ಅಡಿ ಪ್ಲೈವುಡ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ಮಾಡಬೇಕು. ಒಂದು ಹಳಿ ಇನ್ನೊಂದರ ಮೇಲೆ ಹಾಯಬೇಕು. (ಹಾಸನ)

ಉತ್ತರ: ನಿಜವಾದ ಘಾಟಿಯ ಏರು 50 ಮೀಟರಿಗೆ 1 ಮೀಟರ್. ಅಷ್ಟಕ್ಕೇ ಅಲ್ಲಿ ಹೆಚ್ಚುವರಿ ಎಂಜಿನ್ ಕಟ್ಟಿ ತಳ್ಳುತ್ತಾರೆ. ಎಚ್‌ಒದಲ್ಲಿ ಒಂದು ರೈಲಿನ ಮೇಲೆ ಇನ್ನೊಂದು ಹಾಯಲು 8 ಸೆಂ.ಮೀ. ಎತ್ತರ ಬೇಕು. ಅದೇ ಏರಿನಲ್ಲಿ ಹತ್ತಲು 4 ಮೀಟರ್, ಇಳಿಯಲು ಇನ್ನೊಂದು 4. ನಿಮ್ಮ ಹಲಗೆಯ ಮೇಲೆ 18 ಇಂಚು ತ್ರಿಜ್ಯದ ಸುತ್ತು ಹಾಕಿದರೆ ಪೂರ್ತಿ ಸುತ್ತೇ 6 ಮೀಟರ್ ಆಗುವುದಿಲ್ಲ. 57 ಸುರಂಗಗಳಲ್ಲಿ ಒಂದೆರಡನ್ನು ಆರಿಸಿ, ಗೋಡೆಗುಂಟ ಉದ್ದನೆಯ ಪಟ್ಟಿಯಲ್ಲಿ ಸಮತಟ್ಟಾಗಿ ಮಾಡಿ. ಹಳಿ ಏರದಿದ್ದರೂ ಹಿಂದಿನ ಬೆಟ್ಟ ಏರಬಹುದು. ಬೆಟ್ಟವನ್ನು ಥರ್ಮಾಕೋಲ್‌ನಲ್ಲಿ ಮಾಡುವುದಾದರೆ ಬಿಳಿ ಫೆವಿಕಾಲ್ ಹಾಕಿ. ಚಪ್ಪಲಿ ಅಂಟಿಸುವ ರಬ್ಬರ್ ಅಂಟು ಹಾಕಿದರೆ ಬೆಟ್ಟ ಕರಗಿಹೋಗುತ್ತದೆ.

ಪ್ರಶ್ನೆ: ಅಚ್ಚುಕಟ್ಟಾಗಿ ಭಾರತೀಯ ಬ್ರಾಡ್‌ಗೇಜ್ ಹಳಿ ಎಲ್ಲಿ ಸಿಗುತ್ತದೆ? (ಹುಬ್ಬಳ್ಳಿ)

ಉತ್ತರ: ನಮ್ಮ 1676 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 19.3 ಬರುತ್ತದೆ, ಅಂಗಡಿಯ ಎಚ್‌ಒ ಹಳಿ 16.5. ಕೈಯಾರೆ ಹಳಿ ಕಟ್ಟುವ ತಾಳ್ಮೆ ಇಲ್ಲದಿದ್ದರೆ 16.5ಕ್ಕೇ ಒಪ್ಪಿಕೊಳ್ಳಿ. ಎಲ್‌ಎಚ್‌ಬಿ ಬೋಗಿ (ಈಗಿನ ಉದ್ದನೆಯ ಪ್ರಯಾಣಿಕರ ಬೋಗಿ) ಈ ಅಳತೆಯಲ್ಲಿ 27 ಸೆಂ.ಮೀ. ಉದ್ದ, 24 ಇಂಚಿಗಿಂತ ಕಡಿಮೆ ತ್ರಿಜ್ಯದ ತಿರುವಿನಲ್ಲಿ ಅದು ನೋಡಲು ಅಸಹ್ಯ. ಗೇಜಿಗಿಂತ ಮೊದಲು ಕೋಣೆ ಅಳೆಯಿರಿ.

ಪ್ರಶ್ನೆ: ಎಚ್‌ಒ ಒಳ್ಳೆಯದೋ, ಅದಕ್ಕಿಂತ ಪುಟ್ಟದಾದ ಎನ್ ಅಳತೆ ಒಳ್ಳೆಯದೋ?

ಉತ್ತರ: ಹಿಂದಿನ ಉತ್ತರದ ಕೊನೆಯ ವಾಕ್ಯ.

ಪ್ರಶ್ನೆ: ಮಗುವಿಗೆ ಮೂರು ವರ್ಷ. ಯಾವ ಸೆಟ್ ಕೊಡಿಸಲಿ?

ಉತ್ತರ: ಮರದ್ದು. ಎಚ್‌ಒ ಸೆಟ್ ನಿಮಗೇ ಬೇಕಾಗಿದ್ದರೆ ಮಗುವಿನ ಹೆಸರು ಹೇಳಬೇಡಿ.

ಪ್ರಶ್ನೆ: ರೈಲು ಅಪ್ರದಕ್ಷಿಣೆಯಾಗಿ ಸುತ್ತಿದರೆ ಮನೆಗೆ ಒಳ್ಳೆಯದಲ್ಲ ಎಂದು ವಾಸ್ತು ನೋಡುವವರು ಹೇಳಿದರು.

ಉತ್ತರ: ಕಂಟ್ರೋಲರಿನಲ್ಲಿ ದಿಕ್ಕು ಬದಲಿಸುವ ಸ್ವಿಚ್ ಇದೆ. ಅದಕ್ಕೆ ದಕ್ಷಿಣೆ ಕೊಡಬೇಕಿಲ್ಲ.

ಪ್ರಶ್ನೆ: ಈಗ ಕೊಂಡಿಟ್ಟರೆ ಮುಂದೆ ಬೆಲೆ ಏರುತ್ತದೆಯೇ?

ಉತ್ತರ: ಹೂಡಿಕೆ ಬೇಕಿದ್ದರೆ ಬ್ಯಾಂಕಿಗೆ ಹೋಗಿ.

ಪ್ರಶ್ನೆ: ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಹಳೆಯ ಎಚ್‌ಒ ಎಂಜಿನ್ ಅಗ್ಗಕ್ಕೆ ಸಿಕ್ಕಿದೆ. ನನ್ನ ಎರಡು ಹಳಿಯ ಸೆಟ್‌ನಲ್ಲಿ ಓಡಿಸಬಹುದೇ? (ಬೆಳಗಾವಿ)

ಉತ್ತರ: ಇಲ್ಲ. ಅದು ನಡುವೆ ಮೂರನೆಯ ಸಂಪರ್ಕವಿರುವ ಹಳಿಗೆ ಮಾಡಿದ್ದು. ಅದರ ಚಕ್ರಗಳು ಎರಡೂ ಹಳಿಗಳನ್ನು ಕೂಡಿಸುವುದರಿಂದ ನಿಮ್ಮಲ್ಲಿ ಇಟ್ಟ ಕೂಡಲೇ ಶಾರ್ಟ್ ಆಗುತ್ತದೆ. ಅದರದೇ ಹಳಿಯನ್ನೂ ಕೊಳ್ಳಿ, ಇಲ್ಲವೇ ಎಂಜಿನ್ನನ್ನು ಗಾಜಿನ ಕಪಾಟಿನಲ್ಲಿಡಿ.